ನನ್ನ ಕಾರ್ಖಾನೆಯ ಐಸ್

ನವೆಂಬರ್ ಒಂಬತ್ತು, ಸೋಮವಾರ.

ಚಂಡಮಾರುತ ಬರುತ್ತಿದೆ, ಯಾವ ದೋಣಿಯೂ ಕಡಲಿಗಿಳಿಯಕೂಡದು ಎಂದು ಮಧ್ಯಾಹ್ನ ಮೇಯರ್ ಆಗಿ ಆಜ್ಞೆ ಹೊರಡಿಸಿದೆ. ಅಷ್ಟರಲ್ಲಿ ನಮ್ಮೂರ ಮೀನುಗಾರ ಎಲ್ಪಿದಿಯೊ ನನ್ನದೇ ಕಾರ್ಖಾನೆಯ ಐಸ್ ತುಂಬಿಕೊಂಡು ಮೀನಿಗೆ ಹೊರಟುಹೋಗಿದ್ದ. ಚಂಡಮಾರುತದ ಎಚ್ಚರಿಕೆ ಬೆಳಿಗ್ಗೆಯೇ ನನ್ನ ಕೈಸೇರಿತ್ತು. ದಿನದ ಐಸ್ ಮಾರಿ ಖಾಲಿಯಾಗಲಿ ಎಂದು ಆಜ್ಞೆ ಹೊರಡಿಸದೆ ಕಾದೆ.

ಸಂಜೆಯಿಂದ ಅವನ ಹೆಂಡತಿ ಲಿಗಾಯ ನಮ್ಮ ಜಗಲಿಯಲ್ಲಿ ಕೂತಿದ್ದಾಳೆ. ಅನ್ನ, ಒಣಮೀನು ಕಳಿಸಿದೆ, ಮುಟ್ಟಲಿಲ್ಲ.

"ರೇಡಿಯೊ ಯಾರು ನಂಬ್ತಾರೆ, ಮೇಯರ್? ನೀವು ಐಸ್ ಕೊಟ್ರೆ ಕಡಲು ಚೆನ್ನಾಗಿದೆ ಅಂತಾನೇ ನಮ್ಮೋರ ಲೆಕ್ಕ," ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಾಳಿ ಮಾಡಿನ ತಗಡು ಕೀಳುತ್ತಿದೆ. ಎಲ್ಪಿದಿಯೊನ ಸುದ್ದಿಯಿಲ್ಲ.

ಈಗಷ್ಟೇ ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದ. "ಬಾಸ್, ಕರೆಂಟ್ ಹೋಗುತ್ತಂತೆ. ಶವಾಗಾರದವ್ರು ನಾಳೆಗೆ ಐಸ್ ಕೇಳ್ತಿದಾರೆ. ಕೊಡ್ಲಾ?"

ಕೊಡು ಎಂದೆ. ಜಗಲಿಗೆ ಕೇಳಿಸದಂತೆ, ಮೆಲ್ಲಗೆ.