ಇನ್ನೊಂದು ಶಿಫಾರಸು ಪತ್ರ

ದೊಡವಾಡ
ಸೋಮವಾರ

ಹಂಪಣ್ಣವರ ಸರ್ ಅವರಿಗೆ,

ನಮಸ್ಕಾರ. ಇಂಗ್ಲಿಷ್ ಪಿಎಚ್.ಡಿ. ಪ್ರವೇಶಕ್ಕೆ ನನ್ನ ಆಯ್ಕೆಯಾಗಲಿಲ್ಲ. ನನ್ನ ಸಹಪಾಠಿ ಸುಪ್ರಿಯಾಳದು ಆಯಿತು.

ಶಿಫಾರಸು ಪತ್ರ ಕೇಳಲು ಬಂದಾಗ ನೀವು, "ನೀನ ಬರಕೊಂಡ ಬಾರವಾ, ನಾ ಸಹಿ ಹಾಕತೇನಿ. ನಾಚಬ್ಯಾಡ, ಚಲೋ ಬರಿ," ಎಂದಿರಿ. ನನ್ನನ್ನು ನಾನೇ ಹೊಗಳಿಕೊಳ್ಳಲು ಹನ್ನೊಂದು ದಿನ ಬೇಕಾದವು. 'ಹಿಂದಿನ ಬೆಂಚಿನಲ್ಲಿ ಕೂತು ಕಡಿಮೆ ಮಾತಾಡುತ್ತಾಳೆ. ಆದರೆ ಬೇರೆಯವರು ಕಾಣದ್ದನ್ನು ಕಾಣುತ್ತಾಳೆ' ಎಂದು ಬರೆದೆ. ನೀವು ಓದದೇ ಸಹಿ ಹಾಕಿದಿರಿ ಅಂದುಕೊಂಡಿದ್ದೆ.

ಸಂದರ್ಶನದ ದಿನ ಹೊರಗೆ ಕಾಯುವಾಗ ಸುಪ್ರಿಯಾ ತನ್ನ ಪತ್ರ ತೋರಿಸಿದಳು. "ಸರ್ ಎಷ್ಟ ಚಂದ ಬರದ ಕೊಟ್ಟಾರ ನೋಡಲೇ! ನಾ ಕಡಿಮಿ ಮಾತಾಡತೇನಂತ!" ಎಂದು ನಕ್ಕಳು. ಹೆಸರೊಂದು ಬಿಟ್ಟರೆ ಅದು ನನ್ನದೇ ಪತ್ರ. ಅವಳನ್ನು ನನಗಿಂತ ಮೊದಲು ಒಳಗೆ ಕರೆದರು.

ನನ್ನ ಸರದಿ ಬಂದಾಗ ಎರಡೂ ಪತ್ರಗಳು ಮೇಜಿನ ಮೇಲಿದ್ದವು. "ಇನ್ನೊಬ್ಬರದು ನೋಡಿ ಬರೀಲಿಕ್ಕೆ ನಾಚಿಕಿ ಆಗಲಿಲ್ಲೇನು?" ಎಂದು ಸಂದರ್ಶಕರು ಕೇಳಿದರು. ನಾನೇ ಬರೆದದ್ದು ಎಂದರೂ ತಪ್ಪು ನನ್ನದೇ ಆಗುತ್ತಿತ್ತು. ಅವರು ನಿಮಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನನ್ನ ಪತ್ರದ ಬಗ್ಗೆ ಕೇಳಿದರು.

"ಆ ಹುಡುಗೀಗೆ ನಾ ಏನೂ ಬರದ ಕೊಟ್ಟಿಲ್ರಿ," ಎಂದಿರಿ.

ಅದು ನಿಜವೇ, ಸರ್.

ಇನ್ನೊಂದು ವಿಶ್ವವಿದ್ಯಾಲಯದ ಅರ್ಜಿಗೆ ಶುಕ್ರವಾರ ಕೊನೆಯ ದಿನ. ವಿಭಾಗದ ಮುಖ್ಯಸ್ಥರಾದ ನಿಮ್ಮ ಸಹಿಯೇ ಬೇಕಂತೆ. ಹೊಸ ಪತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಒಳ್ಳೆಯ ಮಾತುಗಳನ್ನೆಲ್ಲ ತೆಗೆದಿದ್ದೇನೆ. ಅವು ಈಗ ಸುಪ್ರಿಯಾಳವು. ಇದನ್ನು ಯಾರೂ ತಮಗೂ ಬೇಕೆಂದು ನಿಮ್ಮನ್ನು ಕೇಳಲಾರರು. ದಯವಿಟ್ಟು ಸಹಿ ಹಾಕಿರಿ.

ನಿಮ್ಮ ವಿದ್ಯಾರ್ಥಿನಿ,
ಪ್ರಜ್ಞಾ ಹನುಮಪ್ಪ
(ಹಿಂದಿನ ಬೆಂಚು)