ಹಲಗೆಯ ಏಳನೆಯ ಸಾಲು

ಶಿರಸಿ
೧೧ ಫೆಬ್ರವರಿ ೧೯೬೬

ದಾವೂದಣ್ಣಾ,

ಈ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸಬೇಡ. ಎಷ್ಟು ಹೊತ್ತಾದರೂ ನೀನೇ ಕೂತು ಓದು. ಸುತ್ತಿ ಬಳಸಿ ಬರೆಯಲು ನನ್ನಲ್ಲಿ ತ್ರಾಣವಿಲ್ಲ. ರೇಡಿಯೋ ಹಾಗೆ ಹೇಳಿರಲಿಲ್ಲ. ವಾಚನಾಲಯದ ಹಲಗೆಯ ಮೇಲೆ ಆ ಸಾಲನ್ನು ಬರೆದವನು ನಾನು. ನಿನ್ನನ್ನು ಹನ್ನೊಂದು ದಿನ ಲಾಕಪ್ಪಿನಲ್ಲಿ ಕೂರಿಸಿದ್ದು ನನ್ನ ಸೀಮೆಸುಣ್ಣ.

ನೀನು ಹೊರಬಂದ ದಿನ ನೆಟ್ಟಗೆ ನನ್ನ ಬಳಿಗೇ ಬಂದೆ. ಗಡ್ಡ ಬೆಳೆದಿತ್ತು, ಒಂದು ಚಪ್ಪಲಿ ಹರಿದಿತ್ತು. "ಅಂದಾನಿ, ರೇಡಿಯೋ ಕೇಳೋನು ನೀನು. ನಿಜ ಹೇಳು ಮಾರಾಯ, ಅವ್ರು ಹಂಗೇ ಹೇಳಿದ್ರಾ?" ಎಂದು ಕೇಳಿದೆ. ನಾನು "ಹೌದು" ಅಂದೆ. ಯೋಚನೆ ಕೂಡ ಮಾಡಲಿಲ್ಲ. "ಹಂಗಾದ್ರೆ ಬಿಡು, ಸರ್ಕಾರ ಹೇಳಿದ್ಮೇಲೆ ಜನ ಏನ್ ಮಾಡ್ತಾರೆ" ಎಂದು ನನಗೇ ಸಮಾಧಾನ ಹೇಳಿ ಹೋದೆಯಲ್ಲ, ಅದನ್ನು ನುಂಗಿಕೊಂಡು ನಾಲ್ಕು ತಿಂಗಳಾಯಿತು.

ನಾನು ಯಾರೆಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಐವತ್ತಾರರಲ್ಲಿ ನಾಡು ಒಂದಾಗಲಿ ಎಂದು ನಿನ್ನ ಲಾರಿಯ ಮೇಲೆ ಭೋಂಗಾ ಕಟ್ಟಿಕೊಂಡು ಸಿದ್ದಾಪುರದಿಂದ ಯಲ್ಲಾಪುರದವರೆಗೆ ಗಂಟಲು ಹರಿದುಕೊಂಡವನು. ಮುಂಬಯಿ ಸರ್ಕಾರದ ಲಾಠಿ ತಿಂದವನು. ಅಧಿಕಾರಿಗಳು ಸುಳ್ಳರು, ಜಮೀನುದಾರರು ಸುಳ್ಳರು, ಪತ್ರಿಕೆಗಳು ಸುಳ್ಳು ಎಂದು ಬೀದಿಬೀದಿಯಲ್ಲಿ ಕೂಗಿದವನು. ಮಂಚಿಕೇರಿಯ ಸಭೆಗೆ ಮೂರು ಸಾವಿರ ಜನ ಸೇರಿದ್ದರು ಎಂದು ನಾನು ವರದಿ ಬರೆದಾಗ ನೀನು ಸ್ಟೇರಿಂಗ್ ಮೇಲೆ ಕೈಯಿಟ್ಟು ನಕ್ಕಿದ್ದೆ: "ಏ ಅಂದಾನಿ, ಮುನ್ನೂರು ಮಂದಿ ಅವಲಕ್ಕಿ ತಿಂದ್ಹೋದ್ರು, ನಾನೇ ಹಂಚಿದೀನಿ. ಉಳಿದವ್ರು ಉಪವಾಸ ಹೋದ್ರೇನು?" ಆಗ ನಾನು ಸಿಟ್ಟು ಮಾಡಿದೆ. ಹೋರಾಟಕ್ಕೆ ಅಷ್ಟು ಬೇಕಾಗುತ್ತದೆ ಎಂದೆ. ನೀನು ಗೇರು ಬದಲಿಸಿದೆ.

ನೀನು ಪಲ್ಟನ್ನಿನಲ್ಲಿದ್ದ ಬರ್ಮಾ ಯುದ್ಧದ ಕತೆಯನ್ನು ಹೇಳಿದ್ದು ಅದೇ ದಾರಿಯಲ್ಲಿ. ಜಪಾನಿನ ವಿಮಾನಗಳು ಬಾಂಬು ಹಾಕುವ ಮೊದಲು ಚೀಟಿ ಉದುರಿಸುತ್ತಿದ್ದವಂತೆ. ನಿಮ್ಮದೇ ಹಿಂದೂಸ್ತಾನಿ ಮಾತಿನಲ್ಲಿ, ಊರಲ್ಲಿ ಹೆಂಡತಿ ಅಳುವ ಚಿತ್ರದ ಜೊತೆ. ಆಮೇಲೆ ಹೊಳೆಯ ಆಚೆ ದಡದಿಂದ ಭೋಂಗಾ. ಮೊದಲು ಸಿನಿಮಾದ ಹಾಡು, ಹಾಡು ಮುಗಿದ ಮೇಲೆ ನಿಮ್ಮ ಪಲ್ಟನ್ನಿನ ಹೆಸರು ಹಿಡಿದು ಕರೆಯುವುದು. ಅದಾದ ಮೇಲೆ ರೇಡಿಯೋ. "ಪೂರ್ತಿ ಸುಳ್ಳು ಬರೆದಿದ್ರೆ ಯಾರೂ ನಂಬ್ತಿರ್ಲಿಲ್ಲ. ನಮಗೆ ರೇಷನ್ ಎಷ್ಟು, ನಮ್ಮ ಸಾಹೇಬ ಯಾರು, ಎಲ್ಲಾ ಸರಿ ಬರೀತಿದ್ರು. ಕಡೇ ಸಾಲು ಮಾತ್ರ ಅವ್ರದ್ದು" ಎಂದಿದ್ದೆ. ಬ್ರಿಟಿಷರೂ ಬಿಟ್ಟವರಲ್ಲ. ಸರಕಿನ ವಿಮಾನದ ಬಾಗಿಲಲ್ಲಿ ನಿಂತು ಅಕ್ಕಿಮೂಟೆಯ ಜೊತೆ ಜಪಾನಿ ಅಕ್ಷರದ ಕಾಗದದ ಕಟ್ಟುಗಳನ್ನು ಕೆಳಗೆ ತಳ್ಳಿದವನು ನೀನೇ. ಅದರಲ್ಲಿ ಏನಿತ್ತೆಂದು ನಿನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಆ ನೆಪವೂ ಇಲ್ಲ, ದಾವೂದಣ್ಣಾ. ನಾನು ಬರೆದದ್ದು ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ, ಬೆಳಗಿನ ಹತ್ತು ಗಂಟೆಗೆ.

ವಾಚನಾಲಯದಲ್ಲಿ ದಿನವೂ ರೇಡಿಯೋ ಕೇಳಿ ನಾನು ಬರೆಯುತ್ತಿದ್ದ ಹಲಗೆಯ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಎಡಗಡೆ ಆಕಾಶವಾಣಿ, ಬಲಗಡೆ ಊರ ಸುದ್ದಿ. ಎಡಗಡೆ ಬರೆದದ್ದನ್ನು ಜನ ಸರ್ಕಾರದ ಮಾತೆಂದು ಓದುತ್ತಿದ್ದರು. ಬಲಗಡೆಯದನ್ನು ಓದಿ, ನಕ್ಕು, ಒಬ್ಬರನ್ನೊಬ್ಬರು ಕೇಳಿ ನೋಡುತ್ತಿದ್ದರು. ಕಳೆದುಹೋದ ಎಮ್ಮೆಯೂ ಅಲ್ಲೇ, ಹರಾಜಿನ ಸುದ್ದಿಯೂ ಅಲ್ಲೇ. ಪಾಕಿಸ್ತಾನದ ಜೊತೆ ಲಡಾಯಿ ನಡೆದಿದ್ದ ಸೆಪ್ಟೆಂಬರಿನ ಆ ದಿನ ಬಲಗಡೆ ಪೂರ್ತಿ ಸಕ್ಕರೆ ಹಂಚಿಕೆಯ ನೋಟೀಸು ತುಂಬಿತ್ತು. ಅದನ್ನು ಅಳಿಸಬಾರದೆಂದು ಮಾಮಲೇದಾರರ ಹುಕುಂ. ಎಡಗಡೆ ರೇಡಿಯೋ ಕೇಳಿ ಆರು ಸಾಲು ಬರೆದಿದ್ದೆ. ಬಿದ್ದ ವಿಮಾನಗಳ ಲೆಕ್ಕ, ರಕ್ಷಣಾ ನಿಧಿಯ ಮಾತು, ಎಲ್ಲ ಕೇಳಿದ್ದು ಕೇಳಿದ ಹಾಗೆ.

ಅಷ್ಟರಲ್ಲಿ ಸೋಡಾ ಅಂಗಡಿಯ ಶಂಕ್ರಪ್ಪ ಓಡಿ ಬಂದ. "ಕೇಳಿದ್ರೇನ್ರೀ ಅಂದಾನಪ್ನೋರ? ಮಂಚಿಕೇರಿ ಅಡವ್ಯಾಗ ಇಬ್ಬರು ಖಾಕಿಯವ್ರು ಕಂಡಾರಂತ. ಬೆನ್ನಿಗೆ ಎಂಥದೋ ಗಂಟು ಕಟ್ಯಾರಂತ. ವಿಮಾನದಾಗಿಂದ ಜಿಗಿಯೋ ಛತ್ರಿ ಅಲ್ದ ಮತ್ತೇನ್ರೀ ಅದು? ಬರೀರಿ, ಬರೀರಿ, ಮಂದಿ ಹುಷಾರಾಗ್ಲಿ!" ಕಂಡವರು ಯಾರು ಎಂದು ನಾನು ಕೇಳಲಿಲ್ಲ. ಏಳನೆಯ ಸಾಲು ಬರೆದೆ: 'ಮಂಚಿಕೇರಿ ಕಾಡಿನಲ್ಲಿ ಶತ್ರುವಿನ ಛತ್ರಿ ಸೈನಿಕರು ಇಳಿದಿರುವ ಶಂಕೆ. ಅಪರಿಚಿತರನ್ನು ಗಾಡಿಗೆ ಹತ್ತಿಸಿಕೊಳ್ಳಬಾರದು.'

ಬಲಗಡೆ ಜಾಗವಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಹಸೀ ಸುಳ್ಳು. ಎಡಗಡೆ ಬರೆದರೆ ಜನ ನಂಬುತ್ತಾರೆಂದು ಗೊತ್ತಿದ್ದೇ ಬರೆದೆ. ಎಷ್ಟೋ ವರ್ಷಗಳ ಮೇಲೆ ನನ್ನ ಮಾತಿಗೆ ಊರು ಮತ್ತೆ ಕಿವಿಗೊಡುತ್ತಿತ್ತು. ಆ ರುಚಿ ನನ್ನನ್ನು ಕೆಡಿಸಿತು.

ನೀನು ನಸುಕಿನಲ್ಲೇ ಲಾರಿ ಹೊಡೆದುಕೊಂಡು ಯಲ್ಲಾಪುರಕ್ಕೆ ಹೋಗಿದ್ದೆ, ಹಲಗೆ ಓದಿರಲಿಲ್ಲ. ಮಧ್ಯಾಹ್ನ ತಿರುಗಿ ಬರುವಾಗ ದಾರಿಯಲ್ಲಿ ಕೈ ಮಾಡಿದ ಇಬ್ಬರನ್ನು ಹತ್ತಿಸಿಕೊಂಡೆ. ಮಲೇರಿಯಾ ಖಾತೆಯವರು. ಖಾಕಿ ಅಂಗಿ, ಬೆನ್ನಿಗೆ ಔಷಧಿ ಹೊಡೆಯುವ ಪಂಪು. ನಡುವೆ ಒಂದು ಹಳ್ಳಿಯಲ್ಲಿ ಅವರು ಇಳಿದರು. ಅದನ್ನು ಕಂಡ ಯಾರೋ, ನೀನು ಅಲ್ಲಿ ಮೂಟೆ ಇಳಿಸುವಷ್ಟರಲ್ಲಿ, ಸೈಕಲ್ ತುಳಿದು ಬಂದು ನಿನಗಿಂತ ಮೊದಲೇ ಊರು ಮುಟ್ಟಿದರು. ಊರ ಬಾಗಿಲಲ್ಲಿ ಬಡಿಗೆ ಹಿಡಿದು ನಿಂತವರಲ್ಲಿ ನೀನು ಮದುವೆಗೆ ಪುಕ್ಕಟೆ ಲಾರಿ ಕೊಟ್ಟವರೂ ಇದ್ದರು. ಅವರೇ ನಿನ್ನನ್ನು ಎಳೆದೊಯ್ದು ಠಾಣೆಗೆ ಒಪ್ಪಿಸಿದರು. ಅವರು ಕೂಗಿದ್ದನ್ನು ಇಲ್ಲಿ ಬರೆಯಲಾರೆ. ಶಂಕ್ರಪ್ಪನ ಗಾಡಿಯಲ್ಲಿ ಆ ಇಬ್ಬರು ಕೂತಿದ್ದರೆ ಯಾರೂ ಬಡಿಗೆ ಎತ್ತುತ್ತಿರಲಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಆ ಇಬ್ಬರು ಸಿದ್ದಾಪುರದ ಒಳಹಳ್ಳಿಗಳಿಗೆ ಹೋಗಿಬಿಟ್ಟಿದ್ದರು. ಹುಡುಕಿ ತರಲು ಹನ್ನೊಂದು ದಿನ ಹಿಡಿಯಿತು. ನಿನ್ನನ್ನು ಬಿಟ್ಟರು, ಲೈಸೆನ್ಸು ಮಾತ್ರ ಇಟ್ಟುಕೊಂಡರು. ರೇಡಿಯೋದಲ್ಲಿ ಎಚ್ಚರಿಕೆ ಕೊಟ್ಟರೂ ಅಪರಿಚಿತರನ್ನು ಹತ್ತಿಸಿಕೊಂಡ ಎಂದು ಕಾಗದದಲ್ಲಿ ಬರೆದಿತ್ತು. ಲಾರಿಯ ಒಡೆಯರಾದ ಸಾಹುಕಾರರು ನಿನ್ನ ಕೈಯಿಂದ ಗಾಡಿ ಬಿಡಿಸಿಕೊಂಡರು. ಇಪ್ಪತ್ತು ವರ್ಷ ಲಾರಿ ಹೊಡೆದ ನೀನು ಹುಬ್ಬಳ್ಳಿಯ ಗೋದಾಮಿನಲ್ಲಿ ಚೀಲ ಹೊರಲು ಹೋದೆ.

ಹೋದ ವಾರ ಶಮ್ಸುನ್ನಿಸಾ ಭಾಬಿ ವಾಚನಾಲಯಕ್ಕೆ ಬಂದಿದ್ದರು. ಒಳಗೆ ಬರಲಿಲ್ಲ, ಮೆಟ್ಟಿಲ ಬಳಿಯೇ ನಿಂತರು. "ಭಾಯೀ, ರೇಡಿಯೋದವ್ರಿಗೆ ಒಂದ್ ಕಾಗ್ದ ಬರ್ದುಕೊಡಿ. ಅವತ್ತು ಯಾಕೆ ಹಂಗ್ ಹೇಳಿದ್ರು, ಈಗ ತಪ್ಪಾಯ್ತು ಅಂತ ಒಂದ್ ಮಾತು ಹೇಳ್ಲಿ. ಲೈಸನ್ ಸಿಕ್ರೆ ಇವ್ರು ಮನೆಗೆ ಬರ್ತಾರೆ. ನೀವೇ ಬರೀಬೇಕು, ನಿಮ್ಮ ಅಕ್ಷರ ಚಂದ" ಅಂದರು. ಆಗಲಿ ಅಂದೆ. ಕೂತೆ. 'ಮಾನ್ಯರೇ' ಎಂದು ಬರೆದೆ. ಮುಂದಕ್ಕೆ ಕೈ ಏಳಲಿಲ್ಲ.

ಮರುದಿನ ಬೆಳಗ್ಗೆ ಹಲಗೆಯ ಎರಡೂ ಕಡೆ ಒರೆಸಿ ಇಡೀ ಹಲಗೆಗೆ ಒಂದೇ ಸುದ್ದಿ ಬರೆದೆ. ಆ ಸಾಲು ರೇಡಿಯೋದ್ದಲ್ಲ, ನನ್ನದು. ದಾವೂದ್ ತಪ್ಪು ಮಾಡಿಲ್ಲ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಕಲ್ಲು ಬೀಳಬಹುದೆಂದು ಬಾಗಿಲಲ್ಲೇ ನಿಂತಿದ್ದೆ. ಯಾರೂ ಬೈಯಲಿಲ್ಲ. ಶಂಕ್ರಪ್ಪ ಓದಿ, "ಈಗ್ಯಾಕ್ರೀ ಇದು? ಲಡಾಯಿ ಮುಗೀತಲ್ಲ. ಸಕ್ಕರೀ ಯಾವಾಗ ಕೊಡ್ತಾರಂತ, ಅದನ್ನ ಬರೀರಿ" ಎಂದು ಹೋದ. ಇಷ್ಟು ವರ್ಷದಲ್ಲಿ ನಾನು ತಿಂದ ಯಾವ ಲಾಠಿಯೂ ಅಷ್ಟು ನೋಯಿಸಿರಲಿಲ್ಲ.

ಅಲ್ಲಿಂದ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ವದಂತಿ ಹಬ್ಬಿಸಿದ್ದಕ್ಕೆ ನನ್ನ ಮೇಲೆ ಕೇಸಾಗಬಹುದು ಎಂದರು. ಆಗಲಿ. ವಾಚನಾಲಯದವರು ಕೀಲಿ ಇಸಿದುಕೊಂಡರು. ಅದೂ ಆಗಲಿ. ನಿನ್ನೆ ಮತ್ತೆ ಕರೆಸಿ, ಲೈಸೆನ್ಸು ತಿರುಗಿ ಕೊಡಲು ಅಡ್ಡಿಯಿಲ್ಲ, ನೀನೇ ಬುಧವಾರದೊಳಗೆ ಬಂದು ಸಹಿ ಮಾಡಿ ಒಯ್ಯಬೇಕು ಎಂದರು. ಭಾಬಿಗೆ ಹೋಗಿ ಎಲ್ಲ ಹೇಳಿದೆ. ನನ್ನದೇ ತಪ್ಪೆಂಬುದನ್ನೂ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿಕೊಂಡರು.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ, ಅದು ನನಗೆ ಗೊತ್ತು. ಬುಧವಾರದೊಳಗೆ ಬಾ, ಸಹಿ ಮಾಡು, ನಿನ್ನದನ್ನು ನೀನು ತೆಗೆದುಕೊ, ಮನೆಗೆ ಹೋಗು. ಬಸ್ ನಿಲ್ದಾಣದ ಬಳಿ ನಾನು ನಿಂತಿರುವುದಿಲ್ಲ, ಹೆದರಬೇಡ. ಎಂದಾದರೂ ಹಾದಿಯಲ್ಲಿ ನಿನ್ನ ಗಾಡಿ ಎದುರಾದರೆ ಬದಿಗೆ ಸರಿದು ನಿಲ್ಲುತ್ತೇನೆ. ನಿಲ್ಲಿಸುವುದು ಬಿಡುವುದು ನಿನಗೆ ಸೇರಿದ್ದು.

ಅರಬೈಲು ಘಟ್ಟದ ಪ್ರತಿ ತಿರುವಿನಲ್ಲೂ ನಿನ್ನ ಬ್ರೇಕು ಹಿಡಿಯಲಿ, ಎದುರಿನವರು ನಿನಗೆ ದಾರಿ ಬಿಡಲಿ.

ನಿನಗೆ ಸುಳ್ಳು ಹೇಳಿದ
ಅಂದಾನಪ್ಪ