ಎಲ್ಲ ಹಡಗುಗಳೂ ಕಾಣುವ ನಕ್ಷೆ

ಫೆಬ್ರವರಿ 3, ಸೋಮವಾರ

ಅಂಗಡಿ ಮುಂದೆ ನಾನು ಬರೆದ ಇವತ್ತಿನ ಬೋರ್ಡು: "ಸುತ್ತಿಗೆ ಇಲ್ಲದೆ ತೆಂಗಿನಕಾಯಿ ಒಡೆಯುವ ಸುಲಭ ವಿಧಾನ — ಇಂಟರ್ನೆಟ್ಟಿನಿಂದ."

ದೊಡ್ಡ ತಪ್ಪು. ಊರಿಗೆ ಊರೇ ನಕ್ಕಿತು. ಕ್ರಿಸಾಂತೊ ಅಜ್ಜ ಅಂಗಡಿ ಮುಂದಿನ ಬೆಂಚಿನಲ್ಲಿ ಕೂತು ಹೋಗಿ ಬರುವವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು.

"ಕೇಳ್ರಪ್ಪಾ, ನೋಲ್ವಿಯಾ ನಮಗೆ ಕಾಯಿ ಒಡೆಯೋದು ಕಲಿಸ್ತಾಳಂತೆ! ನಾಳೆ ಮೀನಿಗೆ ಈಜು ಹೇಳ್ಕೊಡ್ತಾಳೆ!"

ಜೆರಾಕ್ಸ್ ಮೆಷಿನ್ನಿನ ಹಿಂದೆ ಹೋಗಿ ಕೂತೆ. ಅಲ್ಲಿ ಕೂತರೆ ಯಾರಿಗೂ ಕಾಣುವುದಿಲ್ಲ. ಸಬೀನಾ ಚಿಕ್ಕಮ್ಮನಿಗೆ ಮಾತ್ರ ಖುಷಿ. ಈ ಜೆರಾಕ್ಸು, ಇಂಟರ್ನೆಟ್ಟಿನ ಅಂಗಡಿ ಅವಳದು, ನಾನು ಇಲ್ಲಿ ಕೆಲಸಕ್ಕಿದ್ದೇನೆ. ನಗಲು ನಿಂತವರೆಲ್ಲ ಸೋಡಾ ಕುಡಿದು ಹೋದರಂತೆ.

"ನಗಲಿ ಬಿಡು. ದಿನಾ ಒಂದು ಬರೀ. ಮಾತಾಡೋಕಂತೂ ಆಗಲ್ಲ ನಿನ್ನ ಕೈಲಿ."

ನಿಜ. ಮಾತು ಬರುವುದಿಲ್ಲ. ಬರೆಯುವುದು ಬರುತ್ತದೆ, ಆರನೇ ಕ್ಲಾಸಿನಷ್ಟು.

ಫೆಬ್ರವರಿ 6

ಬೋರ್ಡು: "ಹಾಲು ಉಕ್ಕದಿರಲು ಪಾತ್ರೆಯ ಮೇಲೆ ಅಡ್ಡಲಾಗಿ ಮರದ ಸೌಟು." ಅವ್ವ ಮಾಡಿ ನೋಡಿದಳು. ಉಕ್ಕಲಿಲ್ಲ. ನಾಲ್ಕು ಮನೆಯವರು ಬಂದು ಒಪ್ಪಿಕೊಂಡರು. ತೆಂಗಿನಕಾಯಿಯ ಅವಮಾನ ಸ್ವಲ್ಪ ಕಡಿಮೆಯಾಯಿತು.

ಇಂಟರ್ನೆಟ್ಟಿನಲ್ಲಿ ಇನ್ನೊಂದು ಸಿಕ್ಕಿದೆ: ತೆರೆಯ ಮೇಲಿನ ಭೂಮಿಯ ಗೋಲ ತಿರುಗಿಸಿ ಯಾವ ಊರನ್ನು ಮುಟ್ಟಿದರೂ ಆ ಊರಿನ ರೇಡಿಯೋ ಕೇಳಿಸುತ್ತದೆ! ದೂರದ ಚಳಿ ದೇಶದ ಬಂದರು ಆಂಟ್ವರ್ಪ್ ಮುಟ್ಟಿದೆ. ಇಲಾರಿಯೊ ಅಣ್ಣನ ಹಡಗು ಅಲ್ಲೇ ಇದೆಯಲ್ಲ. ಏನೋ ಹೇಳುತ್ತಿದ್ದರು, ಒಂದಕ್ಷರವೂ ತಿಳಿಯಲಿಲ್ಲ. ಆದರೂ ಕೇಳಿದೆ... ಅಣ್ಣನಿಗೆ ಕೇಳಿಸುವುದೇ ನನಗೂ ಕೇಳಿಸಿದ ಹಾಗೆ.

ಸಂಜೆ ಅಣ್ಣನ ವಾಯ್ಸ್ ಮೆಸೇಜು. "ಅವ್ವಾ, ಇಲ್ಲಿ ಹಿಮ ಬೀಳ್ತಿದೆ. ಡೆಕ್ ಮೇಲೆ ಗುದ್ದಲಿ ಹಿಡ್ಕೊಂಡು ಎತ್ತಿ ಹಾಕ್ಬೇಕು. ಚೆನ್ನಾಗಿ ತಿಂತಿದ್ದೀನಿ, ಯೋಚ್ನೆ ಮಾಡ್ಬೇಡ." ಅವ್ವ ಮೂರು ಸಲ ಹಾಕಿಸಿಕೊಂಡಳು. ನಾಳೆ ಬ್ರೆಡ್ಡು ಮಾರುವಾಗ ಹಿಮದ ಸುದ್ದಿ ಪ್ರತಿ ಮನೆಗೂ ತಲುಪುತ್ತದೆ.

ಫೆಬ್ರವರಿ 10

ಇಷ್ಟು ದಿನದಲ್ಲಿ ಇಂಥದ್ದು ಸಿಕ್ಕಿರಲಿಲ್ಲ.

ಲೋಕದ ಎಲ್ಲ ಹಡಗುಗಳೂ ಕಾಣುವ ನಕ್ಷೆ! ಹಡಗಿನ ಹೆಸರು ಬರೆದರೆ ಸಾಕು, ಈ ಗಳಿಗೆಯಲ್ಲಿ ಎಲ್ಲಿದೆ ಎಂದು ತೋರಿಸುತ್ತದೆ. ಓಡುವ ಹಡಗು ಬಾಣದ ಗುರುತು. ನಿಂತದ್ದು ದುಂಡಗೆ.

ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ನಮ್ಮ ಊರಲ್ಲಿ ಹಡಗಿಗೆ ಗಂಡಸನ್ನು ಕಳಿಸದ ಮನೆ ಯಾವುದಿದೆ?

ಫೆಬ್ರವರಿ 11

ಬೆಳಿಗ್ಗೆ ಏಳಕ್ಕೇ ಸಾಲು. ಚಿಕ್ಕಮ್ಮ ಕುರ್ಚಿ ಹಾಕಿಸಿದಳು.

ಮೊದಲು ಮಿರ್ತಾ ಅಕ್ಕ. ಗಂಡ ನಡು ಸಮುದ್ರದಲ್ಲಿದ್ದೇನೆ, ಸಿಗ್ನಲ್ ಇಲ್ಲ ಎಂದು ಹೇಳಿ ಒಂದು ವಾರವಾಗಿತ್ತು. ಹಡಗು ಆರು ದಿನದಿಂದ ಬಂದರಿನಲ್ಲೇ ಇದೆ.

"ಸಿಗ್ನಲ್ ಇಲ್ವಂತೆ! ಬರ್ಲಿ ಮನೆಗೆ, ಸಿಗ್ನಲ್ ಕೊಡ್ತೀನಿ!" ಜನ ಬಿದ್ದು ಬಿದ್ದು ನಕ್ಕರು. ಕ್ರಿಸಾಂತೊ ಅಜ್ಜ ಮೂವತ್ತು ವರ್ಷ ಬಾಳೆಹಣ್ಣಿನ ಹಡಗಿನಲ್ಲಿದ್ದವರು. ತಲೆ ಮೇಲೆ ಕೈ ಮುಗಿದು, "ದೇವರೇ, ನಮ್ಮ ಕಾಲದಲ್ಲಿ ಇದು ಇರ್ಲಿಲ್ವಲ್ಲಾ, ನಿನಗೆ ಕೋಟಿ ನಮಸ್ಕಾರ" ಎಂದರು.

ಹತ್ತು ಗಂಟೆಗೆ ಅವ್ವ ಬಂದಳು. ತಲೆ ಮೇಲೆ ಬ್ರೆಡ್ಡಿನ ಬುಟ್ಟಿ. ಜನ ದಾರಿ ಬಿಟ್ಟರು.

"ನನ್ನ ಮಗಂದೂ ತೋರ್ಸೇ. ಹಿಮದಲ್ಲಿರೋದು ಎಲ್ರೂ ನೋಡ್ಲಿ."

ಅಣ್ಣನ ಹಳೇ ಫೋಟೋದಲ್ಲಿ ಅವನ ಬೆನ್ನ ಹಿಂದಿನ ಜೀವ ಉಳಿಸುವ ಕೆಂಪು ಟ್ಯೂಬಿನ ಮೇಲೆ ಹಡಗಿನ ಹೆಸರಿದೆ. ಡೊರೀನ್ ವೇವ್. ಬರೆದೆ.

ನಕ್ಷೆ ಆಂಟ್ವರ್ಪಿಗೆ ಹೋಗಲಿಲ್ಲ.

ಸಮುದ್ರ ದಾಟಿ ಈ ಕಡೆ ಬಂತು. ಇನ್ನೂ ಹತ್ತಿರ... ಇನ್ನೂ. ನಮ್ಮ ದಡ ಕಂಡಿತು. ದ್ವೀಪಗಳು ಕಂಡವು. ದ್ವೀಪಗಳ ಆಚೆ ಮಗ್ಗುಲಲ್ಲಿ ಒಂದು ದುಂಡು ಗುರುತು. ಡೊರೀನ್ ವೇವ್. ಲಂಗರು ಹಾಕಿದೆ. ಅರವತ್ತೆಂಟು ದಿನದಿಂದ.

ಹೆಸರು ಅಳಿಸಿ ಇನ್ನೊಮ್ಮೆ ಬರೆದೆ, ಅದೇ ಗುರುತು.

ಹಿಂದಿನಿಂದ ಯಾರೋ — "ಹಿಮ ಬೀಳೋ ಊರು ನಮ್ಮೆದುರಿಗೇ ಬಂದ್ಬಿಡ್ತಾ?"

ಅವ್ವ ಬುಟ್ಟಿ ಸರಿಮಾಡಿಕೊಂಡಳು. "ನಿನ್ನ ಡಬ್ಬಿ ಸುಳ್ಳು ಹೇಳ್ತದೆ. ಕಾಯಿ ಒಡೆಯೋಕೆ ಹೇಳ್ಕೊಟ್ಟಿದ್ದೂ ಇದೇ ಅಲ್ವಾ?"

ಹೋದಳು. ಬ್ರೆಡ್ಡು ಮಾರಲಿಲ್ಲ. ಬುಟ್ಟಿ ತುಂಬಿದ ಹಾಗೇ ಮನೆಗೆ ಬಂದಿತ್ತು.

ಫೆಬ್ರವರಿ 12

ಅವ್ವ ಮಾತಾಡುತ್ತಿಲ್ಲ. ಊರು ಮಾತಾಡುತ್ತಿದೆ. ಹತ್ತಿರದ ಲಾ ಸೇಬಾ ಪಟ್ಟಣದಲ್ಲಿ ಅಣ್ಣನಿಗೆ ಇನ್ನೊಂದು ಸಂಸಾರವಂತೆ. ಅವಳು ಬೆಳ್ಳಗಿದ್ದಾಳಂತೆ. ಒಂದು ದಿನದಲ್ಲಿ ಅವಳಿಗೆ ಎರಡು ಮಕ್ಕಳೂ ಆಗಿವೆ.

ನಕ್ಷೆ ಸುಳ್ಳಿರಬಹುದು. ಸುಳ್ಳಾಗಲಿ. ಪರೀಕ್ಷೆ ಮಾಡಬೇಕು.

ಅದೇ ದಿನ, ಸಂಜೆ 5

ಮಾಡಿದೆ. ದೊಡ್ಡ ದ್ವೀಪದಿಂದ ಪಟ್ಟಣಕ್ಕೆ ಬರುವ ಪ್ರಯಾಣಿಕರ ಹಡಗು ಸಂಜೆ ನಮ್ಮ ದಡದಿಂದ ಸಣ್ಣಗೆ ಕಾಣುತ್ತದೆ. ಮರಳಿನಲ್ಲಿ ನಿಂತು ಒಂದು ಕಣ್ಣು ಸಮುದ್ರದ ಮೇಲೆ, ಒಂದು ಕಣ್ಣು ಫೋನಿನ ಮೇಲೆ. ಅಲ್ಲಿ ಸಮುದ್ರಕ್ಕೆ ಚಾಚಿದ ತೆಂಗಿನ ತೋಪಿನ ತುದಿಯ ನೇರಕ್ಕೆ ಬಂತು. ಇಲ್ಲೂ ಬಂತು. ಅಲ್ಲಿ ತಿರುಗಿತು, ಇಲ್ಲೂ ಬಾಣ ತಿರುಗಿತು.

ನಕ್ಷೆ ಸುಳ್ಳಲ್ಲ.

ಅಣ್ಣ ಸುಳ್ಳು.

ಫೆಬ್ರವರಿ 13

ಕ್ರಿಸಾಂತೊ ಅಜ್ಜ ಜೆರಾಕ್ಸ್ ಮೆಷಿನ್ನಿನ ಹಿಂದೆಯೇ ಬಂದು ಕೂತರು. ತಮಾಷೆ ಇಲ್ಲ. ಹಡಗು ಓಡಾಡಿದ ಗೆರೆ ತೋರಿಸು ಎಂದರು. ತೋರಿಸಿದೆ. ಅರವತ್ತೆಂಟು... ಈಗ ಎಪ್ಪತ್ತು ದಿನದ ಗೆರೆ. ಒಂದೇ ಜಾಗದಲ್ಲಿ ಸುತ್ತಿ ಸುತ್ತಿ, ಗೂಟಕ್ಕೆ ಕಟ್ಟಿದ ಹಸು ಮೇದ ಹುಲ್ಲಿನ ಹಾಗೆ.

ಅಜ್ಜ ಆ ಗೆರೆಯ ಮೇಲೆ ಬೆರಳು ಸುತ್ತಿಸಿದರು.

"ಹಡಗು ಅಂದ್ರೆ ಓಡಬೇಕು ಮಗಾ. ಎರಡು ತಿಂಗಳು ಸುಮ್ನೆ ನಿಲ್ಲಿಸೋಕೆ ಯಾವ ಮಾಲೀಕನಿಗೂ ಹುಚ್ಚಿಲ್ಲ. ಇದನ್ನ ಬಿಟ್ಟು ಹೋಗಿದ್ದಾರೆ."

"ಯಾರು?"

"ಮಾಲೀಕರು. ಹಡಗು ಬಿಟ್ಟಿದ್ದಾರೆ. ಒಳಗಿರೋ ಜನಾನೂ ಬಿಟ್ಟಿದ್ದಾರೆ."

ಆಗ ಅವರ ಮಗ ದೆಲ್ಫೀನೊ ನೆನಪಾದ. ಮೂರು ದಿನ ಮೀನಿಗೆ ಹೋಗಿ ಆಗತಾನೇ ದಡಕ್ಕೆ ಬಂದಿದ್ದ, ಊರಿನ ಸುದ್ದಿ ಇನ್ನೂ ಕೇಳಿರಲಿಲ್ಲ. ಕರೆದು ಕೇಳಿದರು. ಅವನು ಏನೂ ಅಲ್ಲವೆಂಬಂತೆ ಹೇಳಿದ: "ಆ ತುಕ್ಕು ಹಡಗಾ? ವಾರಕ್ಕೊಂದ್ಸಲ ಹೋಗ್ತೀನಲ್ಲ. ಪೇಂಟು, ಹಗ್ಗ ಇಳಿಸ್ತಾರೆ, ನಾನು ಮೀನು ಕೊಡ್ತೀನಿ. ಪರದೇಶದೋರು. ಹಸಿ ಮೀನೇ ಕಚ್ಚೋ ಹಾಗೆ ನೋಡ್ತಾರೆ, ಪಾಪ."

"ನಮ್ಮ ಇಲಾರಿಯೊ ಇಲ್ವೇನೋ ಅಲ್ಲಿ?"

"ಅವನು ಹಿಮದಲ್ಲಿದ್ದಾನಲ್ಲ!"

ದೆಲ್ಫೀನೊನ ದೋಣಿಗೆ ಹೊಸ ಬೂದು ಬಣ್ಣ. ಎರಡು ವಾರದಿಂದ ಅದನ್ನು ನೋಡಿ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ. ಅದು ಆ ಹಡಗಿನ ಪೇಂಟು.

ಫೆಬ್ರವರಿ 15

ಅಣ್ಣನಿಗೆ ಬರೆದೆ: ಎಲ್ಲಿದ್ದೀಯ?

ಉತ್ತರ: "ಆಂಟ್ವರ್ಪ್. ಚಳಿ. ಯಾಕೆ?"

ನಕ್ಷೆಯ ಚಿತ್ರ ಕಳಿಸಿದೆ. ಏನೂ ಬರೆಯಲಿಲ್ಲ, ಚಿತ್ರ ಮಾತ್ರ.

ಓದಿದ ಗುರುತು ಬಂತು. ಆಮೇಲೆ ಏನೂ ಇಲ್ಲ.

ಫೆಬ್ರವರಿ 22

ಏಳು ದಿನ. ಒಂದು ಅಕ್ಷರವಿಲ್ಲ. ಬೋರ್ಡು ಬರೆದಿಲ್ಲ. ಚಿಕ್ಕಮ್ಮ ಕೇಳಲೂ ಇಲ್ಲ.

ಇವತ್ತು ಬೆಳಿಗ್ಗೆ ನಕ್ಷೆ ತೆಗೆದೆ. ದ್ವೀಪಗಳಿವೆ. ಆಚೆ ಮಗ್ಗುಲು ಖಾಲಿ.

ಡೊರೀನ್ ವೇವ್ ಇಲ್ಲ.

ಮೂರು ಸಲ ಬರೆದೆ. ಹತ್ತು ಸಲ ಬರೆದೆ. ಹಡಗು ನಕ್ಷೆಯಲ್ಲೇ ಇಲ್ಲ. ನಾನು ಚಿತ್ರ ಕಳಿಸದಿದ್ದರೆ... ಬೋರ್ಡು ಬರೆಯದಿದ್ದರೆ...

ಅದೇ ದಿನ, ಮಧ್ಯಾಹ್ನ

ಬಂತು. ಅಣ್ಣನ ವಾಯ್ಸ್ ಮೆಸೇಜು. ಗಾಳಿಯ ಸದ್ದೇ ಹೆಚ್ಚು. ಹಾಗೇ ಇಲ್ಲಿ ಇಳಿಸಿಕೊಳ್ಳುತ್ತೇನೆ, ಫೋನು ಕೆಟ್ಟರೂ ಇರಲಿ:

"ನೋಲ್ವೀ, ಅವ್ವಂಗೆ ಕೇಳಿಸ್ಬೇಡ, ಅವಳು ಯೋಚ್ನೆ ಮಾಡ್ಬಾರ್ದು ಅಂತಾನೇ ಹಿಮ ಅಂತ ಸುಳ್ಳು ಹೇಳಿದ್ದು. ಹಡಗಿನ ಕಂಬದ ತುದೀಲಿದ್ದೀನಿ, ಇಲ್ಲಿ ಮಾತ್ರ ಸಿಗ್ನಲ್ ಸಿಗೋದು. ಡೀಸೆಲ್ ಮುಗೀತು, ಕರೆಂಟಿಲ್ಲ, ಅದಕ್ಕೇ ನಕ್ಷೇಲಿ ಕಾಣಲ್ಲ. ಕ್ಯಾಪ್ಟನ್ನು ಡಿಸೆಂಬರಲ್ಲಿ ಡಾಕ್ಟರ್ ಹತ್ರ ಹೋಗ್ತೀನಿ ಅಂತ ಇಳಿದೋನು ಬರ್ಲೇ ಇಲ್ಲ. ನಮ್ಮ ನಾವಿಕರ ಗುರುತಿನ ಪುಸ್ತಕ ಎಲ್ಲಾ ಅವನ ಹತ್ರ. ಏಳು ಜನ ಇದ್ದೀವಿ. ತಳದಲ್ಲಿ ನೀರು ಬರ್ತಿದೆ, ಕೈಪಂಪು ಹೊಡೀತೀವಿ ಸರದಿ ಮೇಲೆ. ಅಡುಗೆಯೋನು ಎದ್ದು ಕೂರಲ್ಲ. ಬೆಳಿಗ್ಗೆ ನಮ್ಮ ಬೆಟ್ಟ ಕಾಣ್ಸುತ್ತೆ ಕಣೇ. ಬಿಸಿಲು ಬಿದ್ರೆ ಚರ್ಚಿನ ತಗಡೂ ಹೊಳೆಯುತ್ತೆ. ದೆಲ್ಫೀನೊ ಬಂದಾಗ ಎಂಜಿನ್ ರೂಮಲ್ಲಿ ಅವಿತ್ಕೋತೀನಿ. ಉಳಿದೋರಿಗೆ ಈ ದಡದಲ್ಲಿ ಯಾರೂ ಇಲ್ಲ. ನಾನೊಬ್ಬ ಇಳಿದು, ಮನೇಲಿ ಕೂತು ಅವ್ವ ಬಾಳೆಕಾಯಿ ಕುಟ್ಟಿ ಮಾಡೋ ಹುಡುತು ತಿನ್ಲಾ? ಪಂಪು ಯಾರು ಹೊಡೀತಾರೆ?"

ಅಷ್ಟೇ. ಮುಗಿಯಿತು.

ಅವ್ವ ಹಿಟ್ಟು ನಾದುತ್ತಿದ್ದಳು. ಫೋನನ್ನು ಮೇಜಿನ ಮೇಲಿಟ್ಟು ಒತ್ತಿದೆ. ಅವನು ಬೇಡ ಎಂದಿದ್ದು ಅವಳಿಗೂ ಕೇಳಿಸಿತು.

ಅಳುತ್ತಾಳೆ ಎಂದುಕೊಂಡೆ. ಅವಳು ಹಿಟ್ಟಿನ ಕೈಯನ್ನೇ ನೋಡುತ್ತಾ ಕೇಳಿದಳು:

"ಏಳು ಜನಾನಾ?"

"ಹೂಂ."

"ಬಾಳೆಕಾಯಿ ಸಾಲಲ್ಲ. ಸಬೀನಾ ಹತ್ರ ಇಸ್ಕೊಂಡು ಬಾ."

ಫೆಬ್ರವರಿ 24

ಚಿಕ್ಕಮ್ಮ ಬಂದರಿನ ಕಚೇರಿಗೆ ಫೋನು ಮಾಡಿದಳು. ಬರೆದು ಕೊಡಿ ಎಂದರಂತೆ. ಯಾರಿಗೆ ಬರೆಯಬೇಕು ಎಂದರೆ ಇನ್ನೊಂದು ನಂಬರು. ಅಲ್ಲೂ ಅದೇ.

ನಾನು ಹುಡುಕಿದೆ. ಇಂಟರ್ನೆಟ್ಟಿನಲ್ಲಿ ಅದಕ್ಕೂ ಒಂದು ಪಟ್ಟಿ ಇದೆ! ಮಾಲೀಕರು ಬಿಟ್ಟು ಹೋದ ಹಡಗುಗಳ ಪಟ್ಟಿ. ಒಂದೆರಡಲ್ಲ, ಬೆರಳಲ್ಲಿ ಸರಿಸಿದರೆ ಮುಗಿಯುವುದೇ ಇಲ್ಲ. ಒಂದೊಂದರಲ್ಲೂ ಜನ. ನೀರಿಲ್ಲ, ಅನ್ನವಿಲ್ಲ, ಒಂದು ವರ್ಷ, ಎರಡು ವರ್ಷ... ಲೋಕದಲ್ಲಿ ಹೀಗೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಸೌಟು, ಹಾಲು ಬರೆಯುತ್ತಿದ್ದೆ.

ಡೊರೀನ್ ವೇವ್ ಆ ಪಟ್ಟಿಯಲ್ಲಿಲ್ಲ. ಯಾರೂ ಬರೆದು ಕೊಟ್ಟಿಲ್ಲ. ಕೊನೆಯಲ್ಲಿ ಒಂದು ಫಾರಂ ಇದೆ, ಯಾರು ಬೇಕಾದರೂ ತುಂಬಬಹುದು. ತುಂಬಿದೆ. ಹಡಗಿನಲ್ಲಿರುವವರು: ಹೆಸರು, ವಯಸ್ಸು, ಕೆಲಸ. ಅಲ್ಲಿ ನಿಂತೆ. ಅಣ್ಣನೊಬ್ಬನ ಹೆಸರು ಮಾತ್ರ ಗೊತ್ತು.

ಅಣ್ಣನ ಫೋನು ಸತ್ತಿದೆ. ಹೆಸರು ಬೇಕೆಂದರೆ ಅಲ್ಲಿಗೇ ಹೋಗಬೇಕು.

"ನಾಳೆ ಗಾಳಿ ಕಮ್ಮಿ ಇರ್ತದೆ," ದೆಲ್ಫೀನೊ ನೆಲ ನೋಡುತ್ತಾ ಹೇಳಿದ. "ನಾನೇ ಕರ್ಕೊಂಡ್ಹೋಗ್ತೀನಿ."

ಫೆಬ್ರವರಿ 25, ಬೆಳಿಗ್ಗೆ 9

ದೋಣಿಯಲ್ಲಿ ಬರೆಯುತ್ತಿದ್ದೇನೆ. ದೆಲ್ಫೀನೊ, ಕ್ರಿಸಾಂತೊ ಅಜ್ಜ, ನಾನು, ಅವ್ವ. ಎರಡು ಪಾತ್ರೆ ಹುಡುತು, ಮರಗೆಣಸಿನ ರೊಟ್ಟಿ, ನೀರಿನ ಕ್ಯಾನು. ಅವ್ವ ಚರ್ಚಿಗೆ ಹೋಗುವ ನೀಲಿ ಲಂಗ ಉಟ್ಟಿದ್ದಾಳೆ.

ಹಡಗು ಇಷ್ಟು ಎತ್ತರ ಇರುತ್ತದೆಂದು ತಿಳಿದಿರಲಿಲ್ಲ. ನಕ್ಷೆಯಲ್ಲಿ ಅದು ಸಾಸಿವೆಕಾಳು. ಇಲ್ಲಿ ತುಕ್ಕಿನ ಗೋಡೆ. ಒಂದು ಕಡೆ ವಾಲಿದೆ.

ಅಣ್ಣ ಕಂಬಿ ಹಿಡಿದು ನಿಂತಿದ್ದಾನೆ. ಅಣ್ಣನೇ? ಗಡ್ಡ. ಕೊರಳ ಮೂಳೆಗಳು ಇಲ್ಲಿಂದಲೂ ಎಣಿಸಬಹುದು. ಅವ್ವನನ್ನು ಕಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಆಮೇಲೆ ಬಂದ.

"ಇಳೀ," ಅವ್ವ ಕೂಗಿದಳು.

"ಆಗಲ್ಲ ಅವ್ವಾ. ಇವರನ್ನ ಬಿಟ್ಟು ಬರಲ್ಲ."

ಅವ್ವ ಬೈಯಲಿಲ್ಲ. ತಲೆಯಾಡಿಸಿದಳು, ಸರಿಯಾದ ಉತ್ತರ ಹೇಳಿದ ಮಗುವಿಗೆ ಆಡಿಸುವ ಹಾಗೆ.

ಮೇಲಿನಿಂದ ಒಬ್ಬೊಬ್ಬರಾಗಿ ಹೆಸರು ಕೂಗುತ್ತಿದ್ದಾರೆ. ಅಜ್ಜನಿಗೆ ಹಡಗಿನ ಇಂಗ್ಲಿಷು ಬರುತ್ತದೆ, ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ.

1. ಇಲಾರಿಯೊ ನೊರಾಲೆಸ್, 27, ಡೆಕ್
2. ರೊಡೆಲ್, 44, ಅಡುಗೆ (ಮಲಗಿದ್ದಾನೆ)
3. ಕ್ವಾಮೆ, 31, ಎಂಜಿನ್
4. ವಿಟಾಲಿ, 58, ಎಂಜಿನ್
5. ಸಂತೋಸೊ, 23, ಡೆಕ್
6. ಅಯ್ ಥಾನ್, 36, ಡೆಕ್
7. ಆನಾಕ್ಲೆತೊ, 50, ಡೆಕ್

ಹಗ್ಗದ ಏಣಿ ಇಳಿಸಿದ್ದಾರೆ, ಪಾತ್ರೆಗಳಿಗೆ ಅಂದುಕೊಂಡೆ. ಅವ್ವ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಚಪ್ಪಲಿ ಬಿಟ್ಟಳು.

"ಅವ್ವಾ ಬೇಡ!" ಅಣ್ಣ. "ಏ ತಂಗೀ, ಬಿದ್ದೀಯಾ!" ಅಜ್ಜ.

ಹತ್ತುತ್ತಿದ್ದಾಳೆ. ನಾಲ್ಕನೇ ಮೆಟ್ಟಿಲು. ಆರು. ದೋಣಿ ಓಲಾಡುತ್ತಿದೆ, ದೆಲ್ಫೀನೊ ಏಣಿ ಬಿಗಿಯಾಗಿ ಹಿಡಿದಿದ್ದಾನೆ. ನನ್ನ ಅವ್ವ! ಮಂಡಿ ನೋವೆಂದು ಚರ್ಚಿನಲ್ಲಿ ಮೊಣಕಾಲೂರದವಳು!

"ನನ್ನ ಮಗ ಇಳಿಯೋ ತನಕ ನಾನೂ ಇಳಿಯಲ್ಲ ಅಂತ ಬರೀ! ಏನೇ ನೋಡ್ತಾ ನಿಂತೆ? ನನ್ನ ಹೆಸರೂ ಹಾಕು!"

8. ಗ್ರೆಗೋರಿಯಾ ನೊರಾಲೆಸ್, 61, ಕೆಲಸ —